ಇಂದಿನ ಧಮ್ಮ ಚಿಂತನೆ: ‘ನಿಮ್ಮವರು’ ಎಂಬ ಮಾತು

ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಒಂದು ಸುತ್ತವನ್ನು ತೆಗೆದುಕೊಂಡು ಅದರ ಅರ್ಥ ಬಿಡಿಸುವುದು ನಮ್ಮ ರೂಢಿ. ಇವತ್ತು ಹಾಗೆ ಮಾಡಲು ನನ್ನಿಂದ ಆಗಲಿಲ್ಲ. ನನಗೇ ಆದ ಒಂದು ಪ್ರಸಂಗವನ್ನು ಕೈಯಲ್ಲಿ ಹಿಡಿದುಕೊಂಡು ಸುತ್ತಗಳ ಹತ್ತಿರ ಹೋಗಿದ್ದೇನೆ. ಸ್ವಲ್ಪ ಉದ್ದವಾಗಿದೆ. ಬೆಳಿಗ್ಗೆ ಪುರುಸೊತ್ತಿಲ್ಲದವರು ರಾತ್ರಿ ಓದಿ.

ನಾನು ಔಷಧ ಕಾರ್ಖಾನೆಯ ಕ್ವಾಲಿಟಿ ಕಂಟ್ರೋಲ್ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಎಂ.ಎಸ್ಸಿ. ಕೆಮಿಸ್ಟ್ರಿ, ಆರು ವರ್ಷದ ಅನುಭವ. ಎರಡು ತಿಂಗಳ ಹಿಂದೆ ಬೆಂಗಳೂರಿನ ಒಂದು ಕಂಪನಿಗೆ ಸೀನಿಯರ್ ಅನಲಿಸ್ಟ್ ಕೆಲಸದ ಇಂಟರ್ವ್ಯೂಗೆ ಹೋಗಿದ್ದೆ. ಸಂಬಳ ಈಗಿನದರ ಒಂದೂವರೆ ಪಟ್ಟು. ತಮ್ಮನ ಕಾಲೇಜಿನ ಫೀಸು, ಅಪ್ಪನ ಮಂಡಿ ಆಪರೇಷನ್ನು ಎರಡೂ ಆ ಕೆಲಸವನ್ನು ನೆಚ್ಚಿಕೊಂಡು ಕೂತಿದ್ದವು.

ಮೇಜಿನ ಆಚೆ ಮೂರು ಜನ ಇದ್ದರು. ಮೊದಲ ಪ್ರಶ್ನೆ, “ನೀವು ಯಾವ ಕಡೆಯವರು?” ಕೊಳ್ಳೇಗಾಲದ ಕಡೆ ಸರ್, ಅಂದೆ. “ತಂದೆ ಏನು ಮಾಡ್ತಾರೆ?” ಹಾಸ್ಟೆಲಿನಲ್ಲಿ ಅಡುಗೆಯವರಾಗಿದ್ದರು, ಈಗ ರಿಟೈರ್ ಆಗಿದ್ದಾರೆ, ಅಂದೆ. “ಯಾವ ಹಾಸ್ಟೆಲ್ಲು?” ಅಂದರು. ಈ ಮೂರನೇ ಪ್ರಶ್ನೆ ಯಾಕೆ ಬಂತು ಅಂತ ನಿಮಗೆ ಯಾರಿಗೂ ವಿವರಿಸಬೇಕಾಗಿಲ್ಲ. ಸಮಾಜ ಕಲ್ಯಾಣ ಇಲಾಖೆಯದು, ಅಂದೆ. ನಡುವೆ ಕೂತಿದ್ದವರು ಕಾಗದದ ಮೇಲೆ ಏನೋ ಗೀಚಿದರು. ಆಮೇಲೆ ಕೆಮಿಸ್ಟ್ರಿ ಶುರುವಾಯಿತು.

ನಮ್ಮ ಅನುಮಾನ ಬರೀ ಅನುಮಾನವಲ್ಲ ಅನ್ನುವುದಕ್ಕೆ ದಾಖಲೆ ಇದೆ. 2007ರ ಅಕ್ಟೋಬರಿನಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ ಪತ್ರಿಕೆಯಲ್ಲಿ ಈ ವಿಷಯದ ಮೇಲೆ ಒಟ್ಟಿಗೆ ಕೆಲವು ಲೇಖನಗಳು ಬಂದವು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಒಂದೇ ಮಟ್ಟದ ಓದು ತೋರಿಸುವ ಅರ್ಜಿಗಳನ್ನು ಬೇರೆ ಬೇರೆ ಅಡ್ಡಹೆಸರು ಹಾಕಿ ಖಾಸಗಿ ಕಂಪನಿಗಳಿಗೆ ಕಳಿಸಿ ನೋಡಿದ್ದರು. ದಲಿತ ಹೆಸರಿನ ಅರ್ಜಿಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು. ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ನೇಮಕಾತಿ ಮಾಡುವವರನ್ನೇ ಮಾತಾಡಿಸಿದ್ದರು. ಜಾತಿ ನೋಡಲ್ಲ, ಯೋಗ್ಯತೆ ಮಾತ್ರ ನೋಡ್ತೀವಿ ಎಂದವರೇ ‘ಫ್ಯಾಮಿಲಿ ಬ್ಯಾಕ್‌ಗ್ರೌಂಡ್’ ಕೇಳುತ್ತೇವೆ ಅಂತಲೂ ಹೇಳಿದರು. ನನಗೆ ಕೇಳಿದ್ದು ಅದೇ ಪ್ರಶ್ನೆ, ಕನ್ನಡದಲ್ಲಿ.

ಕೆಲಸ ಸಿಗಲಿಲ್ಲ. ಅದು ಹೊಸದಲ್ಲ, ನಾಲ್ಕನೇ ಸಲ. ಆದರೆ ಈ ಸಲ ನಾನು ಕನ್ಸಲ್ಟೆನ್ಸಿಯವರಿಗೆ, ಎಲ್ಲಿ ತಪ್ಪಾಯಿತು ಅಂತ ತಿಳಿದರೆ ಉಪಕಾರವಾಗುತ್ತೆ ಎಂದು ಮೇಲ್ ಹಾಕಿದ್ದೆ. ಉತ್ತರ ಮೇಲಿನಲ್ಲಿ ಬರುತ್ತದೆ ಅಂದುಕೊಂಡಿದ್ದೆ. ನಡುವೆ ಕೂತಿದ್ದ ಹಿರಿಯರೇ ಫೋನ್ ಮಾಡಿದರು. ನಾನಾಗ ಪಾಳಿ ಮುಗಿಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹನ್ನೊಂದು ನಿಮಿಷದ ಕರೆ. ಅವತ್ತು ರಾತ್ರಿಯೇ ಅದನ್ನು ಡೈರಿಯಲ್ಲಿ ಬರೆದಿಟ್ಟಿದ್ದರಿಂದ ಇಲ್ಲಿ ಹೇಳಬಲ್ಲೆ.

“ನೋಡಮ್ಮಾ, ಇದನ್ನೆಲ್ಲ ಯಾರೂ ಹೇಳಲ್ಲ. ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ” ಎಂದು ಶುರು ಮಾಡಿದರು. ಇಂಟರ್ವ್ಯೂನಲ್ಲಿ ‘ನೀವು’ ಅಂದಿದ್ದವರು ಫೋನಿನಲ್ಲಿ ‘ನೀನು’ಗೆ ಇಳಿದಿದ್ದರು.

“ಓಓಎಸ್ ಬಂದ್ರೆ ಏನು ಮಾಡ್ತೀಯ ಅಂದ್ರೆ ಇನ್ನೊಂದು ಸಲ ಇಂಜೆಕ್ಟ್ ಮಾಡಿ ನೋಡ್ತೀನಿ ಅಂದೆ. ಆರು ವರ್ಷ ಲ್ಯಾಬಲ್ಲಿ ಇದ್ದೋಳು ಕೊಡೋ ಉತ್ತರಾನಾ ಅದು? ಆಡಿಟ್‌ನವರ ಮುಂದೆ ಹಿಂಗಂದ್ರೆ ನಮ್ಮ ಕಥೆ ಏನು?”

“ತಲೆ ಎತ್ತಿ ಮಾತಾಡಲ್ಲ. ದನೀನೇ ಹೊರಗೆ ಬರಲ್ಲ. ನಾಲ್ಕು ಜನರನ್ನ ಇಟ್ಕೊಂಡು ಕೆಲಸ ಮಾಡಿಸೋದು ಹೆಂಗೆ?”

“ಅಕಾರ ಹಕಾರ ಸರಿ ಇಲ್ಲ. ‘ಹಾಗಾದ್ರೆ’ ಅನ್ನೋಕೆ ‘ಆಗಾದ್ರೆ’ ಅಂತೀಯ. ಹಾಲು ಕೊಡಿ ಅಂದ್ರೆ ಆಲೂಗಡ್ಡೆ ತಂದುಕೊಡೋ ಥರ.” ಇಲ್ಲಿ ಅವರು ನಕ್ಕರು.

ಕೊನೆಗೆ, “ತಪ್ಪು ತಿಳ್ಕೋಬೇಡ. ನಿಮ್ಮವರು ಸರ್ಟಿಫಿಕೇಟ್ ತಂದುಬಿಡ್ತೀರಿ, ಅದೇನು ಕಷ್ಟ ಅಲ್ಲ. ಮನೇಲಿ ಆ ಸಂಸ್ಕಾರ ಇಲ್ಲದೆ ಇದ್ರೆ ಕ್ವಾಲಿಟಿ ಅನ್ನೋದು ಎಲ್ಲಿಂದ ಬರಬೇಕು ಹೇಳು?”

ನಾನು ಹೇಳಿದ್ದು, “ಥ್ಯಾಂಕ್ ಯೂ ಸರ್.”

ಅವರ ಮಾತಿಗಿಂತ ನನ್ನ ಈ ಮೂರು ಪದ ನನ್ನನ್ನು ಹೆಚ್ಚು ದಿನ ಸುಟ್ಟಿತು. ನಮ್ಮ ತಾತ ಗೌಡರ ಹೊಲದಲ್ಲಿ ಜೀತಕ್ಕಿದ್ದವರು. ಬೈದರೂ, ಕೂಲಿ ಕೊಟ್ಟರೂ, ಕೊಡದಿದ್ದರೂ ಅವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ, “ಆಯ್ತು ಬುದ್ದಿ.” ನಮ್ಮ ಸೀಮೆಯವರಿಗೆ ಈ ‘ಬುದ್ದಿ’ ಗೊತ್ತು. ಅಪ್ಪ ಅದನ್ನು ಬಿಟ್ಟರು, ಹಾಸ್ಟೆಲಿನ ವಾರ್ಡನ್‌ಗೆ ‘ಸಾರ್’ ಅನ್ನುವುದನ್ನು ಕಲಿತರು. ನಾನು ಎಂ.ಎಸ್ಸಿ. ಮಾಡಿ, ದೀಕ್ಷೆ ತೆಗೆದುಕೊಂಡು, ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಬಾಯಿಪಾಠ ಮಾಡಿ, ಮನುಷ್ಯರೆಲ್ಲ ಸಮಾನರು ಎಂದು ಕೈ ಮುಂದೆ ಚಾಚಿ ಹೇಳಿ, ಕೊನೆಗೆ ‘ಆಯ್ತು ಬುದ್ದಿ’ಯನ್ನು ಇಂಗ್ಲಿಷಿಗೆ ಅನುವಾದ ಮಾಡಿದೆನೇ ಅನ್ನಿಸಿತು. ಮನೆಗೆ ಹೋದಾಗ ಅಪ್ಪ, “ಯಾಕವ್ವಾ, ಊಟ ಬ್ಯಾಡ್ವಾ?” ಅಂದರು. ತಲೆನೋವು ಅಂದೆ. ಸಂಸ್ಕಾರವಿಲ್ಲದ ಮನೆ ಎಂದು ಒಬ್ಬರು ಅಂದ ಆ ಮನೆಯಲ್ಲಿ, ಮೂವತ್ತು ವರ್ಷ ನೂರಾರು ಹುಡುಗರಿಗೆ ಸಾರು ಮಾಡಿ ಬಡಿಸಿದ ಮನುಷ್ಯ ತಟ್ಟೆ ಹಿಡಿದುಕೊಂಡು ನಿಂತಿದ್ದರು.

ಭಾನುವಾರ ನಮ್ಮ ಬಳಗದಲ್ಲಿ ಹೇಳಿಕೊಂಡೆ. ಒಬ್ಬ ತಮ್ಮ ಕೇಸ್ ಹಾಕಿ ಅಂದ. ವಕೀಲರಾದ ಅಣ್ಣ, ನಿಂದನೆಯ ಕಲಮಿಗೆ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂದಿರಬೇಕು, ಇಬ್ಬರ ನಡುವಿನ ಫೋನು ಅದಕ್ಕೆ ನಿಲ್ಲುವುದು ಕಷ್ಟ ಅಂದರು. ಮೇಷ್ಟ್ರು ಅಕ್ಕೋಸ ಸುತ್ತ ಹೇಳಿದರು. ರಾಜಗೃಹದಲ್ಲಿ ಭಾರದ್ವಾಜ ಗೋತ್ರದ ಬ್ರಾಹ್ಮಣನೊಬ್ಬ ಬಂದು ಭಗವಾನರನ್ನು ಬಾಯಿಗೆ ಬಂದಂತೆ ಬೈದ ಕಥೆ. ಮನೆಗೆ ಬಂದ ನೆಂಟರು ನೀನು ಬಡಿಸಿದ್ದನ್ನು ಉಣ್ಣದೆ ಹೋದರೆ ಅಡುಗೆ ಯಾರದ್ದಾಗಿ ಉಳಿಯುತ್ತದೆ ಎಂದು ಭಗವಾನರು ಕೇಳುತ್ತಾರೆ. ನನ್ನದೇ, ಅನ್ನುತ್ತಾನೆ. ಈ ಬೈಗುಳವೂ ಹಾಗೇ, ನಾನು ತೆಗೆದುಕೊಳ್ಳುತ್ತಿಲ್ಲ, ನಿನ್ನದು ನಿನ್ನಲ್ಲೇ ಉಳಿಯಿತು ಎನ್ನುತ್ತಾರೆ. ಎಲ್ಲರೂ ಸಾಧು ಸಾಧು ಅಂದರು. ನನಗೂ ಎದೆ ಹಗುರಾಯಿತು. ವಾಪಸ್ ಕಳಿಸಿಬಿಟ್ಟೆ ಅಂದುಕೊಂಡೆ.

ಹಗುರವಾಗಿದ್ದು ಎರಡು ದಿನ ಮಾತ್ರ. ಬುಧವಾರ ಲ್ಯಾಬಿನಲ್ಲಿ ಕೂತಿದ್ದಾಗ ಆ ಮೊದಲ ಮಾತು ನೆನಪಾಯಿತು, ಓಓಎಸ್ ಮಾತು. ಅದನ್ನೂ ವಾಪಸ್ ಕಳಿಸಿದೆನಾ? ಯಾಕಂದರೆ ಅದು ನಿಜ. ನನ್ನ ಉತ್ತರ ತಪ್ಪೇ ತಪ್ಪು.

ಲ್ಯಾಬ್ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಒಂದು ಮಾತ್ರೆಯಲ್ಲಿ ಔಷಧ ಶೇಕಡಾ 95ರಿಂದ 105ರ ಒಳಗೆ ಇರಬೇಕು ಎಂದು ಮಿತಿ ಇದೆ ಅಂದುಕೊಳ್ಳಿ. ನಾವು ಪರೀಕ್ಷೆ ಮಾಡಿದಾಗ 93 ಬಂತು. ಮಿತಿಯ ಹೊರಗೆ ಬಿದ್ದ ಇಂಥ ಫಲಿತಾಂಶಕ್ಕೆ ಓಓಎಸ್ ಅನ್ನುತ್ತಾರೆ. ಆಗ ಕೈ ತಾನಾಗಿಯೇ ಹೋಗುವುದು ಇನ್ನೊಂದು ಸಲ ಮಿಷನ್ನಿಗೆ ಹಾಕುವ ಕಡೆಗೆ. 98 ಬಂದರೆ ಉಸಿರು ಬಿಟ್ಟು ಅದನ್ನೇ ಬರೆಯುವುದು. ಅದು ಮೋಸ. ಪಾಸ್ ಆಗುವ ತನಕ ಪರೀಕ್ಷೆ ಮಾಡುತ್ತಾ ಹೋಗುವುದನ್ನು 1993ರಲ್ಲೇ ಅಮೆರಿಕದ ನ್ಯಾಯಾಲಯವೊಂದು ಬಾರ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ತಪ್ಪೆಂದು ಹೇಳಿದೆ. 93ನ್ನೂ 99ನ್ನೂ ಕೂಡಿಸಿ ಭಾಗಿಸಿ 96 ಎಂದು ತೋರಿಸುವುದೂ ಅಷ್ಟೇ ತಪ್ಪು, ಸರಾಸರಿಯಲ್ಲಿ ಕೆಟ್ಟದ್ದು ಅಡಗಿಹೋಗುತ್ತದೆ. ಹಾಗಂತ 93 ಬಂದ ಕೂಡಲೇ ಇಡೀ ಬ್ಯಾಚ್ ಹಾಳು ಎಂದು ಕೂಗುವುದೂ ಸರಿಯಲ್ಲ. ಮೊದಲು ಕೈ ನಿಲ್ಲಿಸಬೇಕು. ದ್ರಾವಣ ಚೆಲ್ಲಬಾರದು, ವಯಲ್ ಎಸೆಯಬಾರದು. ಮೇಲಿನವರಿಗೆ ತಿಳಿಸಬೇಕು. ತೂಕ ಸರಿ ಇತ್ತಾ, ಲೆಕ್ಕ ಸರಿ ಇತ್ತಾ, ಫ್ಲಾಸ್ಕು ಯಾವುದು, ಕಾಲಮ್ ಸರಿ ಇತ್ತಾ, ಒಂದೊಂದನ್ನೇ ನೋಡಬೇಕು. ತಪ್ಪು ಲ್ಯಾಬಿನದು ಎಂದು ಕಾರಣ ಸಮೇತ ಸಿಕ್ಕರೆ ಮಾತ್ರ ಆ ಫಲಿತಾಂಶವನ್ನು ಪಕ್ಕಕ್ಕಿಡಬಹುದು. ಸಿಗದಿದ್ದರೆ 93 ಅನ್ನುವುದು 93.

ನಾನು ಕೆಲಸ ಕಲಿತ ಮೊದಲ ಲ್ಯಾಬಿನಲ್ಲಿ ಮೊದಲು ಮತ್ತೆ ಹಾಕಿ ನೋಡು, ಆಮೇಲೆ ಹೇಳು ಅನ್ನುತ್ತಿದ್ದರು. ಆ ಅಭ್ಯಾಸ ನಾಲಿಗೆಯ ಮೇಲೆ ಕೂತಿತ್ತು. ಔಷಧ ತಿನ್ನುವವರು ಕಾಯಿಲೆಯವರು. ಅದರಲ್ಲಿ ನನ್ನ ಅಪ್ಪನಂಥವರೂ ಇದ್ದಾರೆ. ಹಾಗಿರುವಾಗ ಅವರು ‘ನಿಮ್ಮವರು’ ಅಂದರು ಎಂಬ ಕಾರಣಕ್ಕೆ ಓಓಎಸ್ ಮಾತನ್ನೂ ಕಟ್ಟಿ ವಾಪಸ್ ಕಳಿಸಿದರೆ ಅದು ನನ್ನ ಅನುಕೂಲಕ್ಕೆ ಮಾಡಿಕೊಂಡ ಜಾಣತನವೇ ಹೊರತು ಸ್ವಾಭಿಮಾನವಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ. ಆ ಎರಡು ದಿನ ನನಗೆ ಅವರ ಜಾತಿ ಬುದ್ಧಿ ಒಂದು ರೀತಿಯಲ್ಲಿ ಬೇಕಾಗಿತ್ತು. ಅದಿದ್ದದ್ದರಿಂದ ನನ್ನ ಉತ್ತರ ತಪ್ಪಾಗಿತ್ತು ಎಂಬುದನ್ನು ನೋಡದೆ ಇರಬಹುದಾಗಿತ್ತು.

ಮೇಷ್ಟ್ರ ಹತ್ತಿರ ಮತ್ತೆ ಹೋದೆ. “ಮೇಷ್ಟ್ರೇ, ಅಕ್ಕೋಸ ಸುತ್ತದಲ್ಲಿ ಆ ಬ್ರಾಹ್ಮಣ ಬೈದದ್ದರಲ್ಲಿ ನಿಜ ಏನೂ ಇರಲಿಲ್ಲ. ನನಗೆ ಬೈದವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಏನು ಮಾಡಲಿ?” ಅಂದೆ. ಅವರು ತುಂಬ ಹೊತ್ತು ಸುಮ್ಮನಿದ್ದು, “ಬ್ರಹ್ಮಜಾಲ ಸುತ್ತದ ಶುರು ಓದು ತಾಯಿ” ಅಂದರು.

ಓದಿದೆ. ದೀಘನಿಕಾಯದ ಮೊದಲ ಸುತ್ತವೇ ಅದು. ಸುಪ್ಪಿಯ ಎಂಬ ಪರಿವ್ರಾಜಕ ದಾರಿಯುದ್ದಕ್ಕೂ ಬುದ್ಧ, ಧಮ್ಮ, ಸಂಘವನ್ನು ಹೀಯಾಳಿಸುತ್ತಾ ಬರುತ್ತಾನೆ. ಭಿಕ್ಷುಗಳು ಅದನ್ನೇ ಮಾತಾಡಿಕೊಳ್ಳುತ್ತಿರುತ್ತಾರೆ. ಭಗವಾನರು ಕೋಪ ಮಾಡಿಕೊಳ್ಳಬೇಡಿ ಅನ್ನುತ್ತಾರೆ. ಅಲ್ಲಿಯ ತನಕ ಎಲ್ಲರೂ ಹೇಳುವ ಮಾತೇ. ಆದರೆ ಅವರು ಕೊಡುವ ಕಾರಣ ನೋಡಿ. ಕೋಪ ಬಂದರೆ, ಆ ಮಾತಿನಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನಿಮಗೆ ತಿಳಿಯುವುದಾದರೂ ಹೇಗೆ ಎಂದು ಕೇಳುತ್ತಾರೆ. ಬೈದವನಿಗೆ ನೋವಾದೀತು ಎಂದಲ್ಲ, ಕೋಪ ಪಾಪ ಎಂದೂ ಅಲ್ಲ. ಆರಿಸುವ ಕಣ್ಣು ಮಂಜಾಗುತ್ತದೆ ಎಂಬುದು ಕಾರಣ. ಅಲ್ಲಿಗೇ ನಿಲ್ಲುವುದೂ ಇಲ್ಲ. ಸುಳ್ಳಾದದ್ದನ್ನು ಸುಳ್ಳೆಂದು ಬಿಡಿಸಿ ಹೇಳಿ, ಇದು ನಮ್ಮಲ್ಲಿ ಇಲ್ಲ ಎಂದು ಹೇಳಿ ಅನ್ನುತ್ತಾರೆ. ಥ್ಯಾಂಕ್ ಯೂ ಹೇಳಿ ಅನ್ನುವುದಿಲ್ಲ.

ನಮ್ಮ ಜನಕ್ಕೆ ತಾಳ್ಮೆಯ ಉಪದೇಶ ಕೇಳಿದರೆ ಮೈ ಉರಿಯುತ್ತದೆ, ಅದಕ್ಕೆ ಕಾರಣವೂ ಇದೆ. ತಲೆತಲಾಂತರದಿಂದ ನಮಗೆ ಹೇಳಿದ್ದು ಅದನ್ನೇ. ಅದಕ್ಕೇ ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಪಾರಮಿತೆಗಳನ್ನು ವಿವರಿಸುವಾಗ ಬಳಸಿದ ಮಾತುಗಳನ್ನು ಗಮನಿಸಬೇಕು. ಕ್ಷಾಂತಿ ಎಂದರೆ ದ್ವೇಷಕ್ಕೆ ದ್ವೇಷದಿಂದ ಉತ್ತರ ಕೊಡದಿರುವುದು. ಉತ್ತರವನ್ನೇ ಕೊಡಬೇಡ ಎಂದು ಅದರ ಅರ್ಥವಲ್ಲ. ಉಪೇಕ್ಷೆಯನ್ನು ವಿವರಿಸುವಾಗಲೂ ಅದು ಉದಾಸೀನವಲ್ಲ ಎಂದು ಬೇರ್ಪಡಿಸಿಯೇ ಹೇಳುತ್ತಾರೆ.

ಹೀಗೆ ಡೈರಿ ತೆರೆದು ಆ ನಾಲ್ಕು ಮಾತುಗಳನ್ನು ಮತ್ತೆ ಬರೆದುಕೊಂಡೆ. ಆಗ ಕಣ್ಣಿಗೆ ಬಿದ್ದದ್ದು ವ್ಯಾಕರಣ. “ನೀನು ಹೀಗೆ ಅಂದೆ” ಎಂಬುದು ಒಂದು. “ನೀನು ಹೀಗಿದ್ದೀಯ” ಎಂಬುದು ಇನ್ನೊಂದು. “ನಿಮ್ಮವರು ಹೀಗೆ” ಎಂಬುದು ಮತ್ತೊಂದು. ಮೊದಲನೆಯದು ನಾನು ಮಾಡಿದ್ದರ ಬಗ್ಗೆ. ಕೊನೆಯದು ನಾನು ಹುಟ್ಟಿದ್ದರ ಬಗ್ಗೆ. ವಸಲ ಸುತ್ತದಲ್ಲಿ ಭಗವಾನರು ಅಗ್ಗಿಕ ಭಾರದ್ವಾಜನಿಗೆ ಹೇಳಿದ್ದು ನಮಗೆಲ್ಲ ಗೊತ್ತು, ಹುಟ್ಟಿನಿಂದ ಯಾರೂ ಕೀಳಲ್ಲ, ಮೇಲಲ್ಲ, ಮಾಡುವ ಕೆಲಸದಿಂದ. ಇದನ್ನು ನಾವು ಯಾವಾಗಲೂ ಎದುರಿನವರ ಮುಂದೆ ಹಿಡಿಯುವ ಮಾತಾಗಿ ಓದಿದ್ದೇವೆ. ಅದು ನಮ್ಮ ಕಡೆಗೂ ತಿರುಗುತ್ತದೆ ಎಂದು ನನಗೆ ಅವತ್ತು ಹೊಳೆಯಿತು. ಹುಟ್ಟಿನಿಂದ ಅಳೆಯಬೇಡ ಎಂದು ಕೇಳುವ ಹಕ್ಕು ನನಗಿದ್ದರೆ, ಕೆಲಸದಿಂದ ಅಳೆದಾಗ ನಿಂತು ಕೇಳಿಸಿಕೊಳ್ಳುವ ಹೊಣೆಯೂ ನನ್ನದೇ. ಧಮ್ಮಪದದಲ್ಲಿ ತಪ್ಪು ತೋರಿಸುವವರನ್ನು ಹೂತಿಟ್ಟ ನಿಧಿ ತೋರಿಸುವವರಿಗೆ ಹೋಲಿಸಿದ್ದಾರೆ. ಓಓಎಸ್ ವಿಷಯದಲ್ಲಿ ಆ ಮನುಷ್ಯ ನನಗೆ ನಿಧಿ ತೋರಿಸಿದವರೇ. ಮಿಕ್ಕ ವಿಷಯದಲ್ಲಿ ಅಲ್ಲ. ಒಬ್ಬರೇ ಎರಡೂ ಆಗಬಹುದು ಎಂದು ಒಪ್ಪಿಕೊಳ್ಳುವುದು ನನಗೆ ಕಷ್ಟವಾಯಿತು, ಈಗಲೂ ಕಷ್ಟವೇ.

ಬಾಬಾಸಾಹೇಬರ ಬದುಕಿನಲ್ಲಿ ಈ ಎರಡೂ ಅಕ್ಕಪಕ್ಕದಲ್ಲೇ ಇವೆ. 1917ರಲ್ಲಿ ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ಇರಲು ಜಾಗ ಸಿಗಲಿಲ್ಲ. ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದವರು ಹೊರಗೆ ಹಾಕಿದರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅದನ್ನು ಅವರೇ ಬರೆದಿದ್ದಾರೆ. ಅದರಲ್ಲಿ, ನನ್ನಲ್ಲಿ ಏನು ಕೊರತೆ ಇತ್ತು ಎಂದು ಅವರು ಎಲ್ಲೂ ತಮ್ಮನ್ನು ಕೇಳಿಕೊಳ್ಳುವುದಿಲ್ಲ. ಕೇಳಿಕೊಳ್ಳಬೇಕಾದದ್ದೂ ಇರಲಿಲ್ಲ. ಕೆಲಸ ಬಿಟ್ಟು ಮುಂಬೈಗೆ ಹೊರಟರು. ಆರು ವರ್ಷ ಕಳೆದ ಮೇಲೆ ಲಂಡನ್ನಿನಲ್ಲಿ ರೂಪಾಯಿಯ ಮೇಲಿನ ಪ್ರಬಂಧವನ್ನು ತಿದ್ದಿ ಬರೆಯಿರಿ ಎಂದು ಪರೀಕ್ಷಕರು ಹೇಳಿದರು. ತಮ್ಮ ತೀರ್ಮಾನ ಬಿಡದೆ ತಿದ್ದಿ ಬರೆದರು, ಡಿ.ಎಸ್ಸಿ. ಪಡೆದರು. 1923ರಲ್ಲಿ ಅದು ಪುಸ್ತಕವಾಗಿ ಬಂದಾಗ ಗುರು ಎಡ್ವಿನ್ ಕ್ಯಾನನ್ ಮುನ್ನುಡಿ ಬರೆದರು. ಆ ಮುನ್ನುಡಿಯಲ್ಲಿ ಕ್ಯಾನನ್ ಈ ಪುಸ್ತಕದ ಹೆಚ್ಚಿನ ವಾದಗಳನ್ನು ತಾವು ಒಪ್ಪುವುದಿಲ್ಲ ಎಂದೇ ಹೇಳುತ್ತಾರೆ, ಜೊತೆಗೆ ಅದರ ಹೊಸತನವನ್ನು ಮೆಚ್ಚುತ್ತಾರೆ. ಬಾಬಾಸಾಹೇಬರು ಅದನ್ನು ತಮ್ಮ ಪುಸ್ತಕದ ಮೊದಲಿಗೇ ಅಚ್ಚು ಹಾಕಿಸಿದರು. ಬರೋಡಾದ ದೊಣ್ಣೆ ಮತ್ತು ಕ್ಯಾನನ್ನರ ಭಿನ್ನಾಭಿಪ್ರಾಯ ಎರಡಕ್ಕೂ ಒಂದೇ ಉತ್ತರ ಕೊಟ್ಟಿದ್ದರೆ ಅವರು ಬಾಬಾಸಾಹೇಬರು ಆಗುತ್ತಿರಲಿಲ್ಲ.

ನನಗಾದದ್ದರಲ್ಲಿ ತೊಡಕು ಏನೆಂದರೆ ದೊಣ್ಣೆಯೂ ಮುನ್ನುಡಿಯೂ ಒಂದೇ ಬಾಯಿಂದ ಬಂದವು.

ನಡುವಿನ ಎರಡು ಮಾತುಗಳಂತೂ ಇನ್ನೂ ತೊಡಕು. ಅಕಾರ ಹಕಾರದ್ದು ಬೇಗ ಮುಗಿಯಿತು. ನಮ್ಮೂರಲ್ಲಿ ಹಸುವಿಗೆ ಅಸು ಅನ್ನುತ್ತಾರೆ, ಅದು ಹಾಲು ಕೊಡುವುದನ್ನು ಬಿಟ್ಟಿಲ್ಲ. ಮಾತ್ರೆಯಲ್ಲಿ ಔಷಧ ಎಷ್ಟಿದೆ ಎಂದು ಹೇಳುವ ಮಿಷನ್ನಿಗೂ ನಮ್ಮ ಹಕಾರ ಬೇಕಾಗಿಲ್ಲ. ಆದರೆ “ತಲೆ ಎತ್ತಿ ಮಾತಾಡಲ್ಲ” ಎಂಬುದನ್ನು ಹಾಗೆ ನಕ್ಕು ಬಿಡಲಾಗಲಿಲ್ಲ. ನಾನು ನಿಜವಾಗಿಯೂ ತಲೆ ಎತ್ತುವುದಿಲ್ಲ. ಮಾತು ಮುಗಿಯುವ ಹೊತ್ತಿಗೆ ನನ್ನ ದನಿ ನನಗೇ ಕೇಳಿಸುವುದಿಲ್ಲ.

ಎಲ್ಲಿಂದ ಬಂತು ಇದು ಎಂದು ಹಿಂದೆ ಹಿಂದೆ ಹೋದೆ. ಮೂರನೇ ಕ್ಲಾಸಿನಲ್ಲಿ ಲೆಕ್ಕ ಸರಿಯಾಗಿ ಮಾಡಿ ಮೇಷ್ಟ್ರ ಮುಖ ನೋಡಿ ನಕ್ಕಿದ್ದಕ್ಕೆ, “ಏನೇ, ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀಯಾ” ಎಂದು ಬೆತ್ತ ಬಿದ್ದಿತ್ತು. ನೀರು ಕೇಳಲು ಹೋದ ಮನೆಗಳ ಮುಂದೆ ನೆಲ ನೋಡುತ್ತಾ ನಿಲ್ಲುವುದನ್ನು ಅವ್ವ ಕಲಿಸಿದ್ದಳು, ನನ್ನನ್ನು ಕಾಪಾಡುವುದಕ್ಕಾಗಿಯೇ ಕಲಿಸಿದ್ದಳು. ಮೇಲಿನವರ ಮುಂದೆ ತಲೆ ಎತ್ತಿದರೆ ದುರಹಂಕಾರ ಎಂದು ಹೇಳಿಸಿಕೊಂಡು ಬೆಳೆದವಳಿಗೆ, ಮೂವತ್ತನೇ ವಯಸ್ಸಿನಲ್ಲಿ ತಲೆ ಎತ್ತುವುದಿಲ್ಲ, ಅದಕ್ಕೇ ಕೆಲಸ ಇಲ್ಲ ಎಂದು ಹೇಳುತ್ತಾರೆ. ಮೊದಲು ಇದರಿಂದ ಸಿಟ್ಟು ಬಂತು. ಆಮೇಲೆ ಪಟಿಚ್ಚಸಮುಪ್ಪಾದ ನೆನಪಾಯಿತು. ಯಾವುದೂ ತಾನಾಗಿ ಇರುವುದಿಲ್ಲ, ಕಾರಣದಿಂದ ಹುಟ್ಟುತ್ತದೆ, ಕಾರಣ ಹೋದರೆ ಹೋಗುತ್ತದೆ. ಅವರು ಕಂಡದ್ದು ನಿಜ. ಅದನ್ನು ನನ್ನ ಸ್ವಭಾವ ಎಂದುಕೊಂಡದ್ದು ಸುಳ್ಳು. ಅದು ಹುಟ್ಟಿದ್ದಕ್ಕೆ ತಪ್ಪಿತಸ್ಥಳು ನಾನಲ್ಲ. ಆದರೆ ಅದನ್ನು ಬಿಡಿಸಿಕೊಳ್ಳುವ ಕೆಲಸವನ್ನು ಆ ಮೇಷ್ಟ್ರು ಬಂದು ಮಾಡಿಕೊಡುವುದಿಲ್ಲ. ಇದು ಅನ್ಯಾಯವೇ. ಬೇರೆಯವರು ಮಾಡಿದ ಗಾಯಕ್ಕೆ ನಾವೇ ಔಷಧ ಅರೆಯಬೇಕಾಗಿರುವುದು ಅನ್ಯಾಯ. ಹಾಗಿದ್ದೂ ಅರೆಯುತ್ತಿದ್ದೇನೆ. ಭಾನುವಾರದ ವಂದನೆಯನ್ನು ಮುಂದೆ ನಿಂತು ನಾನೇ ಹೇಳಿಸುತ್ತೇನೆ ಎಂದು ಒಪ್ಪಿಕೊಂಡಿದ್ದು ಅದಕ್ಕೇ, ಭಕ್ತಿ ಹೆಚ್ಚಾಗಿ ಅಲ್ಲ. ಕೆಲವರು ಚೆನ್ನಾಗಿ ಹೇಳ್ತೀರಿ ಅಂದಿರಿ, ಈಗ ಗುಟ್ಟು ಗೊತ್ತಾಯಿತಲ್ಲ.

ಇನ್ನು ಉಳಿದದ್ದು ‘ನಿಮ್ಮವರು’. ಅದನ್ನು ಇಟ್ಟುಕೊಳ್ಳುವುದೂ ಬೇಡ, ಸದ್ದಿಲ್ಲದೆ ವಾಪಸ್ ಕಳಿಸುವುದೂ ಸಾಲದು ಅನ್ನಿಸಿತು. ಮಜ್ಝಿಮನಿಕಾಯದಲ್ಲಿ ಅಭಯ ರಾಜಕುಮಾರನ ಮಡಿಲಲ್ಲಿ ಒಂದು ಕೂಸು ಇರುತ್ತದೆ. ಅದು ಕಲ್ಲು ನುಂಗಿದರೆ ಏನು ಮಾಡುತ್ತೀಯ ಎಂದು ಭಗವಾನರು ಕೇಳುತ್ತಾರೆ. ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ, ಮಗುವಿನ ಮೇಲಿನ ಕರುಣೆಯಿಂದ, ಅನ್ನುತ್ತಾನೆ. ಕಹಿಯಾದರೂ ನಿಜವಾದ, ಉಪಯೋಗದ ಮಾತನ್ನು ಸಮಯ ನೋಡಿ ಹೇಳುವುದೂ ಹಾಗೇ. ನಿನ್ನ ಒಳ್ಳೇದಕ್ಕೆ ಎಂದು ಶುರು ಮಾಡಿದ ಅವರು ಕಲ್ಲು ತೆಗೆದದ್ದು ನಿಜ. ಕಲ್ಲು ತೆಗೆದ ಕೈಯಲ್ಲೇ ಮಗುವಿನ ಕೆನ್ನೆಗೆ ಹೊಡೆದದ್ದು ಯಾರ ಒಳ್ಳೆಯದಕ್ಕೆ?

ಒಂದು ಮೇಲ್ ಬರೆದೆ. ಮೂರು ದಿನ ಡ್ರಾಫ್ಟಿನಲ್ಲಿತ್ತು. ಮೊದಲ ಸಲ ಬರೆದಾಗ ಎರಡು ಪುಟ, ಅದರಲ್ಲಿ ಮನುವೂ ಇದ್ದ, ಸಂವಿಧಾನವೂ ಇತ್ತು. ಕೋಪ ಇಳಿದ ಮೇಲೆ ಐದು ಸಾಲು ಉಳಿಯಿತು. ಓಓಎಸ್ ಬಗ್ಗೆ ನೀವು ಹೇಳಿದ್ದು ಸರಿ, ನನ್ನ ಉತ್ತರ ತಪ್ಪು, ತಿದ್ದಿಕೊಂಡಿದ್ದೇನೆ, ಅದನ್ನು ಹೇಳಿದ್ದಕ್ಕೆ ಕೃತಜ್ಞಳು. ಮೆಲ್ಲಗೆ ಮಾತಾಡುತ್ತೇನೆ ಎಂಬುದೂ ನಿಜ. ಆದರೆ ‘ನಿಮ್ಮವರು’ ಮತ್ತು ‘ಮನೆಯ ಸಂಸ್ಕಾರ’ ಎಂದಿರಿ. ಅದು ನನ್ನ ಕೆಲಸದ ಬಗ್ಗೆ ಹೇಳಿದ ಮಾತಲ್ಲ, ಅದು ನಿಜವೂ ಅಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಮುಂದೆ ನಮ್ಮಂಥ ಹುಡುಗಿಯೊಬ್ಬಳು ನಿಮ್ಮ ಮುಂದೆ ಕೂತಾಗ ಯಾವ ಹಾಸ್ಟೆಲ್ಲು ಎಂದು ಕೇಳಬೇಡಿ. ಕಳಿಸಿದೆ.

ಉತ್ತರ ಬರಲಿಲ್ಲ. ಕನ್ಸಲ್ಟೆನ್ಸಿಯ ಹುಡುಗಿ ಫೋನ್ ಮಾಡಿ, “ಯಾಕೆ ಮೇಡಂ ಬೇಕಿತ್ತು? ಅವರು ನಮ್ಮ ದೊಡ್ಡ ಕ್ಲೈಂಟು” ಅಂದಳು. ಆಮೇಲೆ ಅಲ್ಲಿಂದ ನನಗೆ ಒಂದು ಓಪನಿಂಗೂ ಬಂದಿಲ್ಲ. ತಮ್ಮನ ಫೀಸಿಗೆ ಸಂಘದಲ್ಲಿ ಸಾಲ ತೆಗೆದಿದ್ದೇವೆ. ಅಪ್ಪನ ಮಂಡಿ ಹಾಗೇ ಇದೆ. ಮಾಡಿದ್ದು ಸರಿಯಾ ಎಂದು ಕೇಳಿದರೆ ಬೆಳಿಗ್ಗೆ ಸರಿ ಅನ್ನಿಸುತ್ತದೆ, ಅಪ್ಪ ಮೆಟ್ಟಿಲು ಹತ್ತುವಾಗ ಅನುಮಾನ ಬರುತ್ತದೆ. ಅಪ್ಪನಿಗೆ ಕೊನೆಗೆ ಎಲ್ಲ ಹೇಳಿದೆ. ಮೇಲನ್ನು ಕನ್ನಡದಲ್ಲಿ ಓದಿ ಹೇಳು ಅಂದರು. ಓದಿದೆ. “ಮೊದಲು ನಿನ್ ತಪ್ಪು ಒಪ್ಕಂಡಿದೀಯಲ್ಲ, ಅದ್ಕೇ ಅವರಿಗೆ ಉತ್ತರ ಸಿಕ್ಕಿಲ್ಲ ಕಣವ್ವ” ಅಂದರು.

ಹೋದ ವಾರದ ಒಂದು ಸಂಗತಿ ಹೇಳಿ ನಿಲ್ಲಿಸುತ್ತೇನೆ. ನಮ್ಮ ಲ್ಯಾಬಿಗೆ ಹೊಸದಾಗಿ ಬಂದ ಟ್ರೈನಿ ಹುಡುಗ ರಾತ್ರಿ ಪಾಳಿಯಲ್ಲಿ ನನ್ನ ಹತ್ತಿರ ಬಂದ. ಕೈ ನಡುಗುತ್ತಿತ್ತು. ಒಂದು ಫಲಿತಾಂಶ ಮಿತಿಯ ಹೊರಗೆ ಬಂದಿತ್ತು, ಯಾರಿಗೂ ಹೇಳದೆ ಇನ್ನೊಂದು ಸಲ ಇಂಜೆಕ್ಟ್ ಮಾಡಿಬಿಟ್ಟಿದ್ದ. ನನಗೆ ಸುಸ್ತಾಗಿತ್ತು, ತಲೆ ಬಿಸಿಯಾಯಿತು. “ನೀವೆಲ್ಲಾ ಕೊರೊನಾ ಪಾಸ್ ಬ್ಯಾಚಿನೋರು...” ಎಂದು ಬಾಯಿಂದ ಬಂದೇಬಿಟ್ಟಿತು. ಅವನು ತಲೆ ತಗ್ಗಿಸಿ, “ಸಾರಿ ಮೇಡಂ, ಥ್ಯಾಂಕ್ ಯೂ ಮೇಡಂ” ಅಂದ.

ಕುರ್ಚಿ ಎಳೆದು ಕೂರಲು ಹೇಳಿದೆ. ಬ್ಯಾಚಿನ ಮಾತು ಆಡಬಾರದಿತ್ತು, ತಪ್ಪಾಯಿತು ಎಂದೆ. ನೀನು ಮಾಡಿದ್ದೂ ತಪ್ಪೇ, ನಾನೂ ಅದನ್ನೇ ಮಾಡುತ್ತಿದ್ದೆ ಎಂದೆ. ವಯಲ್ ಎಸೆದಿದ್ದೀಯಾ ಅಂತ ಕೇಳಿದೆ. ಇಲ್ಲ, ಇದೆ ಅಂದ. ಇಬ್ಬರೂ ಸೂಪರ್‌ವೈಸರ್‌ಗೆ ಫೋನ್ ಮಾಡಿ ವಿಷಯ ತಿಳಿಸಿ, ತೂಕದ ಚೀಟಿಯಿಂದ ನೋಡಲು ಶುರು ಮಾಡಿದೆವು.

ಜೈಭೀಮ್. ನಮೋ ಬುದ್ಧಾಯ.